ಉಚಿತವಾಗಿ ಡೌನ್‌ಲೋಡ್ ಆದ ಚಿತ್ರವನ್ನು ವ್ಯಾಪಾರಕ್ಕೆ ಬಳಸಬಹುದೇ?

ಮಾದನಹಿಪ್ಪರಗಾದಂಥ ಊರಿನಲ್ಲೂ ಈಗ ಜಾತ್ರೆ, ಮದುವೆ, ಅಂಗಡಿ ಉದ್ಘಾಟನೆ ಎಂದರೆ ಫ್ಲೆಕ್ಸ್ ಬ್ಯಾನರ್ ಬೇಕು. ಅದಕ್ಕೆ ಚಿತ್ರ, ಫಾಂಟ್‌ಗಳನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವವರೇ ಹೆಚ್ಚು. ಪುಕ್ಕಟೆ ಸಿಕ್ಕಿದ್ದನ್ನು ಹೇಗೆ ಬೇಕಾದರೂ ಬಳಸಬಹುದು ಎಂಬ ಮಾತು ನಿಜವೇ? ನೋಡೋಣ.

ನಂಬಿಕೆ: ಉಚಿತ ಎಂದರೆ ಯಾವ ನಿರ್ಬಂಧವೂ ಇಲ್ಲ.

ವಾಸ್ತವ: ಡೌನ್‌ಲೋಡ್‌ಗೆ ಹಣವಿಲ್ಲ, ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೋಂದಣಿ ಮಾಡಿಸದಿದ್ದರೂ ಚಿತ್ರಕ್ಕೆ ಹಕ್ಕು ಇರುತ್ತದೆ. ಗೊತ್ತಿದ್ದೂ ಉಲ್ಲಂಘಿಸಿದರೆ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಲೈಸೆನ್ಸ್‌ನಲ್ಲಿ ಏನಿದೆ ಎಂದು ನೋಡಿ:

- ಪರ್ಸನಲ್ ಯೂಸ್: ಸ್ವಂತಕ್ಕೆ ಮಾತ್ರ. ಅಂಗಡಿಯ ಜಾಹೀರಾತಿಗೆ, ಮಾರುವ ಟೀ ಶರ್ಟ್‌ಗೆ ಬಳಸುವಂತಿಲ್ಲ.
- ಸಿಸಿ ಬೈ-ಎನ್‌ಸಿ: ಕಲಾವಿದರ ಹೆಸರು ಹಾಕಿ ಬಳಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ.
- ಸಿಸಿ ಬೈ: ವ್ಯಾಪಾರಕ್ಕೂ ಸರಿ, ಹೆಸರು ಹಾಕಬೇಕು.
- ಸಿಸಿ ಜೀರೋ: ಹೆಸರೂ ಬೇಕಿಲ್ಲ.

ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಫಾಂಟ್‌ಗಳನ್ನು ಬ್ಯಾನರ್‌ಗೆ ಧಾರಾಳವಾಗಿ ಬಳಸಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ.

ದೇವರ ಚಿತ್ರ ಎಲ್ಲರದೂ ಅಲ್ಲವೇ? ದೇವರು ಎಲ್ಲರವನು, ಚಿತ್ರ ಬರೆದವರದು. ರಾಜಾ ರವಿವರ್ಮ 1906ರಲ್ಲಿ ತೀರಿಕೊಂಡರು. ನಂತರದ 60 ವರ್ಷಗಳ ಅವಧಿ ಮುಗಿದಿರುವುದರಿಂದ ಅವರ ಚಿತ್ರಗಳು ಮುಕ್ತ. ಇಂದಿನ ಕಲಾವಿದರು ಬರೆದ ಲಕ್ಷ್ಮಿ ಹಾಗಲ್ಲ.

ನಮ್ಮ ಸಲಹೆ: ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಲೈಸೆನ್ಸ್ ಕಾಣದಿದ್ದರೆ ಆ ಚಿತ್ರ ಬಿಟ್ಟುಬಿಡಿ.