ಒತ್ತಡದ ಇಲಿಗಳು, ಇಳಿಯದ ತೂಕ

ಡಯಟ್ ಮಾಡಿಯೂ ತೂಕ ಇಳೀಲಿಲ್ಲ ಅಂದ್ರೆ ನಾವು ಮೊದಲು ಬೈಯೋದು ಬಾಯಿಚಪಲಕ್ಕೆ. ಒತ್ತಡದ ಚರಿತ್ರೆ ಓದಿದ ಮೇಲೆ ನನಗೆ ಹಾಗೆ ಬೈಯೋಕೆ ಮನಸ್ಸು ಬರೋದಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಹೊಸ ಹಾರ್ಮೋನಿನ ಆಸೆಯಿಂದ ಇಲಿಗಳಿಗೆ ಅಂಡಾಶಯದ ಸಾರ ಚುಚ್ಚುತ್ತಿದ್ದರು. ಇಲಿಗಳ ಅಡ್ರಿನಲ್ ಗ್ರಂಥಿ ಊದಿತು, ಹೊಟ್ಟೆಯಲ್ಲಿ ಹುಣ್ಣಾಯಿತು. ಸಿಕ್ಕೇಬಿಟ್ಟಿತು ಅಂದುಕೊಂಡರು. ಆದರೆ ಫಾರ್ಮಲಿನ್ ಚುಚ್ಚಿದರೂ, ಚಳಿಯಲ್ಲಿಟ್ಟರೂ ಅದೇ ಕಥೆ! ಕಷ್ಟ ಯಾವುದೇ ಇರಲಿ, ದೇಹದ ಉತ್ತರ ಒಂದೇ ಎಂದು 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಅದಕ್ಕೆ ‘ಸ್ಟ್ರೆಸ್’ ಅನ್ನೋ ಹೆಸರು ಅಂಟಿಕೊಂಡಿದ್ದು ಆಮೇಲೆ.

ಅದೇ ಅಡ್ರಿನಲ್‌ನಿಂದ ಬರುವ ಹಾರ್ಮೋನು ಕಾರ್ಟಿಸಾಲ್. ಅದು ಮಿತಿಮೀರಿದರೆ ಏನಾಗುತ್ತೆ? ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್ 1912ರಲ್ಲೇ ಅಂಥ ಒಬ್ಬ ಯುವತಿಯ ಬಗ್ಗೆ ಬರೆದಿದ್ದರು: ಮುಖ, ಹೊಟ್ಟೆಯಲ್ಲೆಲ್ಲ ಕೊಬ್ಬು. ಅದು ಕಾಯಿಲೆ, ಆಫೀಸಿನ ಟೆನ್ಷನ್ ಅಷ್ಟು ದೂರ ಒಯ್ಯೋದಿಲ್ಲ, ಜಾಹೀರಾತಿನವರು ಏನೇ ಹೇಳಲಿ.

ನನ್ನನ್ನು ಹೆಚ್ಚು ಕಾಡಿದ್ದು 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. 121 ಮಹಿಳೆಯರು, ಮೂರು ವಾರ. ದಿನಕ್ಕೆ 1200 ಕ್ಯಾಲೊರಿಯಲ್ಲೇ ಇದ್ದವರಲ್ಲಿ ಕಾರ್ಟಿಸಾಲ್ ಏರಿತ್ತು. ಅಂದರೆ ತೂಕ ಇಳಿಸುವ ಡಯಟ್ಟೇ ದೇಹಕ್ಕೊಂದು ಒತ್ತಡ! ಇನ್ನು, ಎಂದಿನಂತೆ ಊಟ ಮಾಡಿ ಬರೀ ಕ್ಯಾಲೊರಿ ಲೆಕ್ಕ ಬರೆದಿಟ್ಟವರಿದ್ದರಲ್ಲ, ಅವರ ಕಾರ್ಟಿಸಾಲ್ ಏರಲಿಲ್ಲ. ಆದರೆ ಅವರೂ ಟೆನ್ಷನ್ ಜಾಸ್ತಿಯಾಯ್ತು ಅಂದಿದ್ದರು.