‘ದಿ ರೈಲ್ವೇ ಚಿಲ್ಡ್ರನ್’: ಕಥೆಯ ಕಾಲ, ಚಿತ್ರದ ಕಾಲ

ಇ. ನೆಸ್ಬಿಟ್ (1858–1924) ಬರೆದ ‘ದಿ ರೈಲ್ವೇ ಚಿಲ್ಡ್ರನ್’ 1905ರಲ್ಲಿ ‘ದಿ ಲಂಡನ್ ಮ್ಯಾಗಜೀನ್’ನಲ್ಲಿ ಧಾರಾವಾಹಿಯಾಗಿ ಬಂದು, 1906ರಲ್ಲಿ ಪುಸ್ತಕವಾಯಿತು. ನಟ ಲಯನೆಲ್ ಜೆಫ್ರೀಸ್ ಅದಕ್ಕೆ ಚಿತ್ರಕಥೆ ಬರೆದು, ತಾವೇ ನಿರ್ದೇಶಿಸಿ 1970ರಲ್ಲಿ ತೆರೆಗೆ ತಂದರು. ನಿರ್ದೇಶಕರಾಗಿ ಅದು ಅವರ ಮೊದಲ ಚಿತ್ರ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಯ್ದ ನೂರು ಬ್ರಿಟಿಷ್ ಚಿತ್ರಗಳ ಪಟ್ಟಿಯಲ್ಲಿ ಇದಕ್ಕೆ 66ನೇ ಸ್ಥಾನ ಸಿಕ್ಕಿತು. ಹಸಿರು ಗುಡ್ಡ, ಉಗಿಬಂಡಿ, ಬೇಲಿಯ ಮೇಲೆ ಕೂತು ಕೈಬೀಸುವ ಮಕ್ಕಳು ಎಂದೇ ಚಿತ್ರ ಜನರ ನೆನಪಿನಲ್ಲಿ ಉಳಿದಿದೆ. ಹೋದ ಕಾಲದ ಹಂಬಲವೇ ಅದರ ಜೀವಾಳ ಎನ್ನುವವರು ಹೆಚ್ಚು. ಈ ಹಂಬಲ ಕಾದಂಬರಿಯಿಂದ ಬಂದದ್ದಲ್ಲ, 1970ರ ಇಂಗ್ಲೆಂಡಿನಿಂದ ಬಂದದ್ದು ಎಂಬುದು ಇಲ್ಲಿನ ವಾದ.

ನೆಸ್ಬಿಟ್ ಬರೆಯುವಾಗ ಉಗಿಬಂಡಿ ನಿತ್ಯ ಬಳಕೆಯ ಯಂತ್ರ. ಮಕ್ಕಳು ‘ಹಸಿರು ಡ್ರ್ಯಾಗನ್’ ಎಂದು ಹೆಸರಿಟ್ಟ ಬಂಡಿ ಅಪ್ಪ ಇರುವ ಕಡೆಗೆ, ಲಂಡನ್ನಿಗೆ, ಹೋಗುತ್ತದೆ. ಅವರಿಗೆ ಅದರ ಬೆಲೆ ಅಷ್ಟೇ. ಚಿತ್ರದ ಹೊತ್ತಿಗೆ ಲೆಕ್ಕ ಬದಲಾಗಿತ್ತು. 1968ರ ಆಗಸ್ಟ್‌ನಲ್ಲಿ ಬ್ರಿಟಿಷ್ ರೈಲು ತನ್ನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ಓಡಾಟ ನಿಲ್ಲಿಸಿತು. ಅದಕ್ಕೆ ಒಂದೆರಡು ತಿಂಗಳ ಮುಂಚೆಯಷ್ಟೇ, ಮುಚ್ಚಿಹೋಗಿದ್ದ ಯಾರ್ಕ್‌ಷೈರಿನ ಕೀತ್ಲಿ–ವರ್ತ್ ಕಣಿವೆ ಮಾರ್ಗವನ್ನು ರೈಲುಪ್ರಿಯ ಸ್ವಯಂಸೇವಕರು ಮತ್ತೆ ತೆರೆದಿದ್ದರು. ಜೆಫ್ರೀಸ್ ಚಿತ್ರೀಕರಿಸಿದ್ದು ಅಲ್ಲೇ, ಓಕ್‌ವರ್ತ್ ನಿಲ್ದಾಣದಲ್ಲಿ. ಹವ್ಯಾಸಿಗಳು ಕೈಯಾರೆ ಉಳಿಸಿಕೊಂಡ ಹಳಿಯ ಮೇಲೆ ಓಡುವ ಬಂಡಿಗೆ ಸ್ಮಾರಕದ ಕಳೆ ತಾನಾಗಿಯೇ ಬಂದಿತು. ಕಾದಂಬರಿ ಕಥೆ ನಡೆಯುವ ಕೌಂಟಿಯ ಹೆಸರನ್ನೇ ಹೇಳುವುದಿಲ್ಲ. ಯಾರ್ಕ್‌ಷೈರ್ ಈ ಕಥೆಗೆ ಅಂಟಿಕೊಂಡದ್ದು ಚಿತ್ರೀಕರಣದಿಂದ. ವೈದ್ಯರ ಮನೆಯಾಗಿ ಕಾಣುವ ಕಟ್ಟಡವಂತೂ ಹಾವರ್ತ್‌ನಲ್ಲಿ ಬ್ರಾಂಟಿ ಸೋದರಿಯರು ಬಾಳಿದ ಮನೆ!

ಕಾದಂಬರಿಯ ನಡುವೆ ಇರುವುದು ಒಂದು ರಾಜಕೀಯ ಮೊಕದ್ದಮೆ. ಸರ್ಕಾರಿ ನೌಕರನಾದ ಅಪ್ಪನನ್ನು ರಾತ್ರಿ ಇಬ್ಬರು ಬಂದು ಕರೆದೊಯ್ಯುತ್ತಾರೆ. ರಷ್ಯನ್ನರಿಗೆ ರಾಜ್ಯದ ಗುಟ್ಟು ಮಾರಿದ ಎಂಬುದು ಆರೋಪ. ಇದರ ಹಿಂದೆ, ಬೇಹುಗಾರಿಕೆಯ ಸುಳ್ಳು ಆರೋಪಕ್ಕೆ ಗುರಿಯಾದ ಫ್ರಾನ್ಸಿನ ಸೇನಾಧಿಕಾರಿ ಡ್ರೇಫಸ್ ಪ್ರಕರಣದ ನೆರಳನ್ನು ಅನೇಕರು ಗುರುತಿಸಿದ್ದಾರೆ. ಡ್ರೇಫಸ್ ದೋಷಮುಕ್ತನಾದದ್ದು 1906ರಲ್ಲೇ. ಇನ್ನೊಂದು ಸಂಗತಿಯತ್ತ ಅಷ್ಟು ಗಮನ ಹರಿದಿಲ್ಲ. ಐದನೆಯ ಅಧ್ಯಾಯದಲ್ಲಿ, ಇಂಗ್ಲಿಷ್ ಬಾರದ ರಷ್ಯನ್ ಲೇಖಕನೊಬ್ಬ ನಿಲ್ದಾಣದಲ್ಲಿ ಬಸವಳಿದು ನಿಂತಿರುತ್ತಾನೆ. ಬಡವರ ಬಗ್ಗೆ ಪುಸ್ತಕ ಬರೆದ ತಪ್ಪಿಗೆ ಸೈಬೀರಿಯಕ್ಕೆ ಹೋಗಿ ಬಂದವನು. ತಾಯಿ ಅವನೊಡನೆ ಫ್ರೆಂಚಿನಲ್ಲಿ ಮಾತಾಡಿ ಮನೆಗೆ ಕರೆತರುತ್ತಾಳೆ. ಇದು ಧಾರಾವಾಹಿಯಾಗಿ ಬರುತ್ತಿದ್ದ 1905ರಲ್ಲೇ ಬ್ರಿಟಿಷ್ ಸಂಸತ್ತು ಹೊರದೇಶದಿಂದ ಬರುವವರನ್ನು ತಡೆಯುವ ‘ಏಲಿಯನ್ಸ್ ಆಕ್ಟ್’ ಅಂಗೀಕರಿಸಿತು. 1884ರಲ್ಲಿ ಸಮಾಜವಾದಿ ಸಂಘಟನೆ ಫೇಬಿಯನ್ ಸೊಸೈಟಿ ಕಟ್ಟಿದವರಲ್ಲಿ ನೆಸ್ಬಿಟ್ ಒಬ್ಬರು. ದೇಶಭ್ರಷ್ಟ ರಷ್ಯನ್ ಲೇಖಕ ಸ್ಟೆಪ್ನಿಯಾಕ್ ನೆಸ್ಬಿಟ್ ಅವರ ಪರಿಚಯದ ವಲಯದಲ್ಲಿದ್ದವರು. ಸ್ಟೆಪ್ನಿಯಾಕ್ 1895ರಲ್ಲಿ ಲಂಡನ್ನಿನಲ್ಲಿ ಹಳಿ ದಾಟುವಾಗ ರೈಲಿಗೆ ಸಿಕ್ಕಿ ಸತ್ತರು. ಇಷ್ಟನ್ನು ಎದುರಿಗಿಟ್ಟುಕೊಂಡರೆ ಆ ಅಧ್ಯಾಯವನ್ನು ಬರೀ ಕರುಣೆಯ ಪ್ರಸಂಗವೆಂದು ಓದುವುದು ನನಗೆ ಕಷ್ಟ.

ಚಿತ್ರದಲ್ಲಿಯೂ ರಷ್ಯನ್ ಇದ್ದಾನೆ. ಆದರೆ 1970ರ ಪ್ರೇಕ್ಷಕನಿಗೆ ಅವನು ಹಳೆಯ ಕಾಲದ ಗಡ್ಡದ ಅತಿಥಿ, ಅಷ್ಟೆ. ಕಾಲ ಸರಿದಿದ್ದರಿಂದ ಪ್ರಸಂಗದ ಮೊನೆ ಮೊಂಡಾಗಿದೆ. ಜೆಫ್ರೀಸ್ ಅದನ್ನು ಬೇಕೆಂದೇ ಮೊಂಡಾಗಿಸಿದರು ಎನ್ನಲು ಆಧಾರ ಕಾಣೆ.

ಜೆಫ್ರೀಸ್ ಕೈ ಎದ್ದು ಕಾಣುವುದು ನಿರೂಪಣೆಯಲ್ಲಿ. ಪುಸ್ತಕದಲ್ಲಿ ಲೇಖಕಿಯೇ ಓದುಗರೊಡನೆ ಹರಟುತ್ತ ಕಥೆ ಹೇಳುತ್ತಾರೆ. ಚಿತ್ರದಲ್ಲಿ ಆ ದನಿ ಹಿರಿಯ ಮಗಳು ಬಾಬಿಯ ಪಾಲಾಗಿದೆ. ಇದರ ಫಲ ಗೊತ್ತಾಗುವುದು ಪತ್ರಿಕೆಯ ಪ್ರಸಂಗದಲ್ಲಿ. ಪುಸ್ತಕದ ಹತ್ತನೆಯ ಅಧ್ಯಾಯದಲ್ಲಿ ಪೋರ್ಟರ್ ಪರ್ಕ್ಸ್ ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿ ಒಂದಿಷ್ಟು ನಿಯತಕಾಲಿಕೆಗಳನ್ನು ಬಾಬಿಗೆ ಕೊಡುತ್ತಾನೆ. ರೈಲು ಹಾದುಹೋಗಲೆಂದು ಅವಳು ಗೇಟಿನ ಬಳಿ ನಿಲ್ಲುತ್ತಾಳೆ, ಕಟ್ಟನ್ನು ಗೇಟಿನ ಮೇಲಿಡುತ್ತಾಳೆ, ಕಣ್ಣು ಅಚ್ಚಿನ ಮೇಲೆ ಬೀಳುತ್ತದೆ: ಅಪ್ಪನಿಗೆ ಐದು ವರ್ಷ ಸಜೆ. ತಮ್ಮತಂಗಿಯರಿಗೆ ತಿಳಿಯದ್ದು ಅವಳಿಗೆ ತಿಳಿಯಿತು. ಕಥೆಯ ಉಸ್ತುವಾರಿಯನ್ನು ಮೊದಲೇ ಬಾಬಿಗೆ ಒಪ್ಪಿಸಿದ ಚಿತ್ರದಲ್ಲಿ ಈ ತಿಳಿವಿನ ಭಾರ ಇನ್ನೂ ಹೆಚ್ಚು. ಬಾಬಿಯಾಗಿ ನಟಿಸಿದ ಜೆನ್ನಿ ಅಗಟರ್‌ಗೆ ಆಗ 17 ವರ್ಷ. 1968ರ ಬಿಬಿಸಿ ಧಾರಾವಾಹಿಯಲ್ಲೂ ಬಾಬಿಯಾಗಿದ್ದವರು ಅವರೇ. ತಂಗಿ ಫಿಲಿಸ್ ಆಗಿ ನಟಿಸಿದ ಸ್ಯಾಲಿ ಥಾಮ್ಸೆಟ್ ವಾಸ್ತವದಲ್ಲಿ ಆಕೆಗಿಂತ ದೊಡ್ಡವರು, 20ರ ಹರೆಯದವರು.

ವರ್ಗದ ವಿಚಾರ ಎರಡರಲ್ಲೂ ಉಳಿದಿದೆ. ತನ್ನ ಹುಟ್ಟುಹಬ್ಬಕ್ಕೆ ಮಕ್ಕಳು ಊರೆಲ್ಲ ತಿರುಗಿ ಕೂಡಿಸಿ ತಂದ ಉಡುಗೊರೆ ಕಂಡು ಪರ್ಕ್ಸ್ ಸಿಡಿಯುತ್ತಾನೆ: ನಮ್ಮನ್ನು ಭಿಕ್ಷೆಯವರು ಅಂದುಕೊಂಡಿರಾ? ಕೊಟ್ಟವರು ಏನೆಂದು ಕೊಟ್ಟರೆಂಬುದನ್ನು ಬಾಬಿ ಒಂದೊಂದಾಗಿ ಓದಿ ಹೇಳಿದ ಮೇಲೇ ಅವನು ಮೆತ್ತಗಾಗುವುದು. ಪರ್ಕ್ಸ್ ಪಾತ್ರದ ಬರ್ನಾರ್ಡ್ ಕ್ರಿಬಿನ್ಸ್ ಇಲ್ಲಿ ನಗೆನಟನ ವೇಷ ಕಳಚಿಟ್ಟು ನಟಿಸಿದ್ದಾರೆ. ಕೆಂಪು ಒಳಲಂಗ ಹರಿದು ಬಾವುಟ ಮಾಡಿ ರೈಲು ನಿಲ್ಲಿಸುವ ದೃಶ್ಯ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ವಿವರಿಸಬೇಕಿಲ್ಲ. ಮಕ್ಕಳು ಹಳಿಯ ಮೇಲೆ ಆಡುವುದನ್ನು ತೋರಿಸಿದ್ದಕ್ಕೆ ಬ್ರಿಟಿಷ್ ಸೆನ್ಸಾರ್ ಮಂಡಳಿಗೆ ದೂರು ಬಂದದ್ದು ಚಿತ್ರ ಬಂದು ನಾಲ್ಕು ದಶಕ ಕಳೆದ ಮೇಲೆ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ರೂಪಾಂತರವಾಗಿ ಜೆಫ್ರೀಸ್ ಅವರ ಕೆಲಸ ಪ್ರಾಮಾಣಿಕವಾದದ್ದು. ಆದರೂ ಇದನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಕಾದಂಬರಿಯ 14 ಅಧ್ಯಾಯಗಳಲ್ಲಿ ಕನಿಷ್ಠ ಐದನೆಯದನ್ನೂ ಹತ್ತನೆಯದನ್ನೂ ಮೊದಲು ಓದಿಸಿ, ಆಮೇಲೆ ಚಿತ್ರ ತೋರಿಸಲಿ.