ನೋವೆಂದರೆ ಗಾಯವೇ? ಬೆನ್ನುನೋವಿನ ಜನಜಾಗೃತಿ: ಎರಡು ಪ್ರಯೋಗಗಳ ಪರಿಶೀಲನೆ

ಮೂರು ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು, ಇಂಥ ಕೆಲವು ನೋವುಗಳು ಬೇರೊಂದು ರೋಗದ ಲಕ್ಷಣವಾಗಿರದೆ ತಾವೇ ರೋಗವಾಗಿರಬಲ್ಲವು ಎಂದು ಒಪ್ಪಿದೆ. ಜನರ ನಂಬಿಕೆ ಮಾತ್ರ ‘ನೋವಿದ್ದಲ್ಲಿ ಗಾಯವಿದೆ’ ಎಂಬಲ್ಲೇ ನಿಂತಿದೆ. ಪ್ರಚಾರದಿಂದ ಈ ನಂಬಿಕೆ ಬದಲಾದೀತೇ? ಬದಲಾದರೆ ನಡವಳಿಕೆಯೂ ಬದಲಾದೀತೇ?

ಗಾಯಕ್ಕೂ ನೋವಿಗೂ ಇರುವ ನಂಟು ನೇರವಲ್ಲ. ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹಿಗ್ಗಬಹುದು, ಕುಗ್ಗಬಹುದು ಎಂದು ನೋವಿನ ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ 2015ರ ವಿಮರ್ಶೆಯೊಂದರ ಪ್ರಕಾರ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲೂ ಡಿಸ್ಕ್ ಸವೆತ ಕಾಣುತ್ತದೆ: 20ರ ವಯಸ್ಸಿನವರಲ್ಲಿ ಶೇ. 37, 80ರವರಲ್ಲಿ ಶೇ. 96.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿ.ವಿ. ಜಾಹೀರಾತುಗಳು ‘ಬೆನ್ನು ನೋಯುತ್ತಿದೆಯೆಂದು ಮಲಗಬೇಡಿ, ಓಡಾಡಿಕೊಂಡಿರಿ’ ಎಂಬ ತಿಳಿವನ್ನು ಮನೆಮನೆಗೆ ಮುಟ್ಟಿಸಿದವು. ಕಾರ್ಮಿಕರ ಪರಿಹಾರ ಪ್ರಾಧಿಕಾರವೇ ಇದರ ಹಿಂದಿತ್ತು. ವೈದ್ಯರಿಗೂ ಮಾರ್ಗಸೂಚಿ ತಲುಪಿತ್ತು. ರೇಚಲ್ ಬುಕ್‌ಬೈಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ಪ್ರಚಾರವಿಲ್ಲದ ನೆರೆಯ ನ್ಯೂ ಸೌತ್ ವೇಲ್ಸ್‌ಗೆ ಹೋಲಿಸಿದರೆ ವಿಕ್ಟೋರಿಯಾದಲ್ಲಿ ಜನರ ನಂಬಿಕೆಯೂ ವೈದ್ಯರ ನಂಬಿಕೆಯೂ ಸುಧಾರಿಸಿದವು. ಬೆನ್ನುನೋವಿನ ಪರಿಹಾರ ಅರ್ಜಿಗಳೂ ಇಳಿದವು. ಕೆನಡಾದ ಆಲ್ಬರ್ಟಾದಲ್ಲಿ 2005ರಿಂದ ಹೆಚ್ಚಾಗಿ ರೇಡಿಯೊ ಮೂಲಕ ನಡೆದ ಪ್ರಚಾರದ ಕಥೆ ಬೇರೆ: ನಂಬಿಕೆ ತುಸು ಬದಲಾಯಿತು, ಅರ್ಜಿಗಳೂ ಚಿಕಿತ್ಸೆಯ ಬಳಕೆಯೂ ಇದ್ದಂತೆಯೇ ಉಳಿದವು.

ಮಾಧ್ಯಮ, ಕಾಲ, ವ್ಯಾಪ್ತಿ ಎಲ್ಲ ಭಿನ್ನವಾಗಿರುವಲ್ಲಿ ಒಂದೇ ಕಾರಣ ಹೇಳುವುದು ಸಲ್ಲದು. ಆದರೂ ವಿಕ್ಟೋರಿಯಾದಲ್ಲಿ ವೈದ್ಯರ ನಂಬಿಕೆಯೂ ಬದಲಾದದ್ದು ಒಂದು ಊಹೆಗೆ ಆಧಾರ ಕೊಡುತ್ತದೆ: ಜಾಹೀರಾತು ಹೇಳಿದ್ದನ್ನೇ ವೈದ್ಯರೂ ಹೇಳಿದಾಗ ತಿಳಿವು ನಡವಳಿಕೆಗೆ ಇಳಿಯುತ್ತದೆ.

ಕನ್ನಡದ ರೋಗಿಗೆ ಇದರ ಅರ್ಥವೇನು? ‘ಮೂಳೆ ಸವೆದಿದೆ, ಗ್ಯಾಪ್ ಬಂದಿದೆ, ಬಗ್ಗಬೇಡಿ, ಭಾರ ಎತ್ತಬೇಡಿ’ ಎಂಬ ಮಾತು ಕೇಳಿ ಬಂದವರು ತಮ್ಮ ಬೆನ್ನನ್ನು ಸವೆದ ಚಪ್ಪಲಿಯಂತೆ ಕಾಣತೊಡಗುತ್ತಾರೆ. ಅದೇ ಸ್ಕ್ಯಾನನ್ನು ‘ವಯಸ್ಸಿಗೆ ತಲೆ ನರೆತಂತೆ ಇದೂ’ ಎಂದು ವಿವರಿಸಲೂಬಹುದು. ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದಂಥ ಅಪಾಯದ ಚಿಹ್ನೆಗಳಿದ್ದರೆ ತಪಾಸಣೆ ತಡವಾಗಬಾರದು. ಅವಿಲ್ಲದ ಕಡೆ ಜಾಗೃತಿಯ ಮೊದಲ ಹೆಜ್ಜೆ ಭಿತ್ತಿಪತ್ರವಲ್ಲ, ವರದಿಯನ್ನು ರೋಗಿಗೆ ಓದಿ ಹೇಳುವವರ ಮಾತು.